ಚಿಕ್ಕದರ ಎದುರು ಬಾಗುವ ವಿದ್ಯೆ

ನೋಡುವುದು ಬೇರೆ, ಕಾಣುವುದು ಬೇರೆ. ಕಣ್ಣುಳ್ಳವರೆಲ್ಲರೂ ನೋಡುತ್ತಾರೆ, ಕಾಣುವವರು ವಿರಳ. ಬೆಟ್ಟ, ಸಮುದ್ರ, ಆನೆ, ಗೋಪುರ ಇಂಥ ಬೃಹತ್ ವಸ್ತುಗಳು ನಾವು ಬಯಸದಿದ್ದರೂ ನಮ್ಮ ದೃಷ್ಟಿಯನ್ನು ತಮ್ಮೆಡೆಗೆ ಸೆಳೆದುಕೊಳ್ಳುತ್ತವೆ. ಸಣ್ಣ ವಸ್ತುಗಳಿಗೆ ಆ ಸಾಮರ್ಥ್ಯವಿಲ್ಲ. ಇರುವೆ, ಪಾತರಗಿತ್ತಿ, ಹುಲ್ಲಿನ ಹೂವು, ಎಲೆಯ ಮೇಲಿನ ಇಬ್ಬನಿ ಇವು ತಾವಾಗಿ ಯಾರನ್ನೂ ಕರೆಯುವುದಿಲ್ಲ. ಅವುಗಳ ಬಳಿಗೆ ನಾವೇ ಹೋಗಬೇಕು, ಹೋಗಿ ಬಾಗಬೇಕು, ಬಾಗಿ ಉಸಿರು ಬಿಗಿಹಿಡಿದು ಕ್ಷಣಕಾಲ ನಿಲ್ಲಬೇಕು. ಹೀಗೆ ಬಾಗುವುದನ್ನೇ ಹವ್ಯಾಸವಾಗಿ ಮಾಡಿಕೊಂಡ ಒಂದು ಕಲೆ ಇಂದು ನಮ್ಮ ಮನೆಗಳ ಹಿತ್ತಿಲಿಗೂ ಬಂದಿದೆ. ಕ್ಯಾಮೆರಾ ಹಿಡಿದು ಸಣ್ಣ ಜೀವಿಗಳ ಚಿತ್ರವನ್ನು ಅತಿ ಸಮೀಪದಿಂದ ತೆಗೆಯುವ ಆ ಕಲೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನ್ನಿಸಿದೆ. ಅದಕ್ಕೊಂದು ನಿಮಿತ್ತವೂ ಒದಗಿದೆ.

ಹುಬ್ಬಳ್ಳಿಯ ಸದ್ಗೃಹಸ್ಥರೊಬ್ಬರ ಮನೆಗೆ ಪ್ರಸಾದಕ್ಕೆಂದು ನಾವು ಹೋಗಿದ್ದಾಗ ಆ ಮನೆಯ ತಾಯಿ ತಮ್ಮ ಮಗನ ಮೇಲೆ ಒಂದು ದೂರನ್ನಿತ್ತರು. ಹುಡುಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. "ಗುರುಗಳ, ಈ ಹುಡುಗನ್ನ ಏನ ಮಾಡೂದ ಹೇಳ್ರಿ. ಪುಸ್ತಕ ಹಿಡದ ಕುಂಡರೂ ಹೊತ್ತಿನಾಗ ಹಿತ್ತಲದಾಗ ಬೋರಲ ಬಿದ್ದ ಹುಳಾ ನೋಡಕೋತ ಇರತಾನ. ಮೊನ್ನಿ ಒಂದ ಡಬ್ಬ್ಯಾಗ ಹುಳಾ ಹಾಕಿ ಫ್ರಿಜ್‌ನ್ಯಾಗ ಇಟ್ಟಿದ್ದ. ಹಾಲ ತಗೋಳಾಕ ಹೋದ ನನಗ ಎದಿ ಧಸಕ್ಕಂದಿತು" ಎಂದರು. ಹುಡುಗ ತಲೆ ತಗ್ಗಿಸಿ, "ಅಜ್ಜಾರ, ಅದು ಅಲುಗ್ಯಾಡದಂಗ ಇದ್ದರ ಮಾತ್ರ ಫೋಕಸ್ ಸಿಗತೈತ್ರಿ" ಎಂದು ಮೆಲ್ಲಗೆ ಉತ್ತರಿಸಿದ. ತಂದೆಯವರದು ಬೇರೊಂದು ಚಿಂತೆ. ಮಗ ಈಗ ಹೊಸ ಮಸೂರವೊಂದನ್ನು ಕೇಳುತ್ತಿದ್ದಾನೆ. ಅದರ ಬೆಲೆ ಕಾಲೇಜಿನ ಫೀಯನ್ನೂ ಮೀರುತ್ತದೆ. ಈ ಹವ್ಯಾಸವನ್ನು ತಡೆಯಬೇಕೋ ಬೆಳೆಸಬೇಕೋ ಎಂಬುದು ಅವರಿಬ್ಬರ ಪ್ರಶ್ನೆ.

ಈ ಪ್ರಶ್ನೆ ಒಂದೇ ಮನೆಯದೆಂದು ನಾವು ತಿಳಿದಿಲ್ಲ. ಮಕ್ಕಳ ಕೈಯಲ್ಲಿ ಇಂದು ಕ್ಯಾಮೆರಾ ಇರುವ ಮೊಬೈಲು ಇದೆ. ಆ ಮೊಬೈಲಿನಲ್ಲಿ ಅವರು ಏನನ್ನು ನೋಡುತ್ತಾರೆಂಬ ಭಯ ಪ್ರತಿಯೊಂದು ಮನೆಯಲ್ಲಿಯೂ ಇದೆ. ಹೀಗಿರುವಾಗ ಅದೇ ಯಂತ್ರವನ್ನು ಹಿಡಿದು ಹಿತ್ತಿಲ ಲಿಂಬೆಗಿಡದ ಕೆಳಗೆ ಮಲಗುವ ಹುಡುಗನನ್ನು ಗದರಿಸುವ ಮುನ್ನ, ಅವನು ಅಲ್ಲಿ ಕಾಣುತ್ತಿರುವುದೇನು, ಆ ಕೆಲಸದ ಕಷ್ಟವೇನು, ಅದರ ಧರ್ಮವೇನು ಎಂಬುದನ್ನು ಹಿರಿಯರಾದವರು ತಿಳಿದುಕೊಳ್ಳುವುದು ಉಚಿತ.

ಮೊದಲನೆಯದಾಗಿ ನಮ್ಮ ನೆಲದ ಮಾತು. ಹುಬ್ಬಳ್ಳಿ-ಧಾರವಾಡಗಳು ಎರಡು ಸೀಮೆಗಳ ಹೊಸ್ತಿಲ ಮೇಲೆ ನಿಂತ ಊರುಗಳು. ಧಾರವಾಡದಿಂದ ಪಡುವಣಕ್ಕೆ ನಡೆದರೆ ಕೆಂಪು ಮಣ್ಣು, ಮಾವಿನ ತೋಪು, ಮಲೆನಾಡಿನ ಗಾಳಿ. ಹುಬ್ಬಳ್ಳಿಯಿಂದ ಮೂಡಣಕ್ಕೆ ನಡೆದರೆ ಎರೆಯ ಹೊಲ, ಹತ್ತಿ, ಜೋಳ, ಬಯಲು. ಎರಡು ಸೀಮೆ ಕೂಡುವಲ್ಲಿ ಎರಡೂ ಸೀಮೆಯ ಗಿಡಗಳಿರುತ್ತವೆ. ಗಿಡಗಳಿದ್ದಲ್ಲಿ ಅವುಗಳನ್ನು ನೆಚ್ಚಿಕೊಂಡ ಹುಳುಗಳಿರುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಕೃಷಿ ವಿಶ್ವವಿದ್ಯಾಲಯದ ಹೊಲಗಳು, ಕೆಲಗೇರಿ, ನುಗ್ಗಿಕೇರಿ, ಸಾಧನಕೇರಿ, ಉಣಕಲ್ಲಿನ ಕೆರೆಯ ದಂಡೆ, ನೃಪತುಂಗ ಬೆಟ್ಟ ಇವೆಲ್ಲ ಮುಂಜಾನೆಯ ನಡಿಗೆಯವರಿಗೆ ಚಿರಪರಿಚಿತ ಸ್ಥಳಗಳು. ನಡೆಯುವವರು ಮುಂದೆ ನೋಡಿ ನಡೆಯುತ್ತಾರೆ. ಹತ್ತು ಹೆಜ್ಜೆಗೊಮ್ಮೆ ಕೆಳಗೆ ನೋಡಿದರೆ ಅದೇ ದಾರಿಯಲ್ಲಿ ಮತ್ತೊಂದು ಲೋಕ ತೆರೆದುಕೊಳ್ಳುತ್ತದೆ.

ಮಿರಗದ ಮಳೆಯನ್ನೇ ನೆನೆಯಿರಿ. ಜೂನ್ ತಿಂಗಳ ಮೊದಲ ಮಳೆ ಬಿದ್ದು ನೆಲ ನೆನೆದ ಕೂಡಲೆ ಹೊಲದ ಬದುವಿನಲ್ಲಿ ಮಖಮಲ್ಲಿನಂತೆ ಹೊಳೆಯುವ ಕೆಂಪು ಹುಳುಗಳು ಹರಿದಾಡುತ್ತವೆ. ನಮ್ಮ ಬಾಲ್ಯದಲ್ಲಿ ಅವನ್ನು ಕಡ್ಡಿಪೆಟ್ಟಿಗೆಯಲ್ಲಿ ಹುಲ್ಲಿನೊಡನೆ ಇಟ್ಟು ಆಡದ ಮಕ್ಕಳಿರಲಿಲ್ಲ. ಮಕ್ಕಳೆಲ್ಲ ಅದನ್ನು ಬಲ್ಲರು. ಆದರೆ ಅದರ ಕಾಲುಗಳನ್ನು ಎಣಿಸಿದವರು ಎಷ್ಟು ಮಂದಿ? ಕೀಟಕ್ಕೆ ಆರು ಕಾಲು. ಬೆಳೆದ ಈ ಹುಳುವಿಗೆ ಎಂಟು. ಆದ್ದರಿಂದ ಇದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಮರಿಯಾಗಿದ್ದಾಗ ಬೇರೆ ಕೀಟಗಳ ಮೈಗೆ ಅಂಟಿಕೊಂಡು ಬದುಕುತ್ತದೆ. ಬೆಳೆದ ಮೇಲೆ ಮಣ್ಣಿನೊಳಗಿದ್ದು ಸಣ್ಣ ಜೀವಿಗಳನ್ನೂ ಅವುಗಳ ತತ್ತಿಗಳನ್ನೂ ತಿನ್ನುತ್ತದೆ. ಮಳೆ ಬಿದ್ದಾಗ ಸ್ವಲ್ಪ ಕಾಲ ಮಾತ್ರ ಮೇಲೆ ಬಂದು ನಮಗೆ ದರ್ಶನ ಕೊಡುತ್ತದೆ. ಕಾಲುಗಳ ಈ ಲೆಕ್ಕ ಬರಿಗಣ್ಣಿಗೆ ಸಿಗುವುದು ಕಷ್ಟ. ಸಮೀಪದಿಂದ ತೆಗೆದ ಒಂದು ಸ್ಪಷ್ಟ ಚಿತ್ರದಲ್ಲಿ ಮಗುವೂ ಎಣಿಸಬಹುದು.

ಇನ್ನು ಮನೆಯಂಗಳದ ಮಾತು. ಕರಿಬೇವು ಅಥವಾ ಲಿಂಬೆಯ ಗಿಡವಿಲ್ಲದ ಹಿತ್ತಿಲು ನಮ್ಮ ಕಡೆ ಅಪರೂಪ. ಆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಕಲೆಯೊಂದು ಇರುತ್ತದೆ. ಅನೇಕ ಗೃಹಿಣಿಯರು ಅದನ್ನು ಹಿಕ್ಕೆಯೆಂದೇ ಭಾವಿಸಿ ಎಲೆ ತೊಳೆಯುತ್ತಾರೆ. ಅದು ಲಿಂಬೆ ಪಾತರಗಿತ್ತಿಯ ಎಳೆಯ ಹುಳು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನದೆಂಬ ಭರವಸೆಯೇ ಅದರ ರಕ್ಷಾಕವಚ. ಬೆಳೆದಂತೆ ಅದೇ ಹುಳು ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕೆಣಕಿದರೆ ತಲೆಯ ಹಿಂಭಾಗದಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಆಮೇಲೆ ಕೋಶ ಕಟ್ಟಿ, ಒಂದೆರಡು ವಾರಗಳಲ್ಲಿ ರೆಕ್ಕೆ ಪಡೆದು ಹೊರಡುತ್ತದೆ. ಬೆಳೆದ ಗಿಡದ ನಾಲ್ಕೆಲೆ ಹೋದರೆ ಹೋಗಲಿ ಎಂದು ಬಿಟ್ಟವರ ಮನೆಯಲ್ಲಿ ಈ ಇಡೀ ಕಥೆ ಕಣ್ಣೆದುರು ನಡೆಯುತ್ತದೆ. ದಾರಿ ಬದಿಯ ಎಕ್ಕೆಯ ಗಿಡವೂ ಹೀಗೆಯೇ ಮತ್ತೊಂದು ಜಾತಿಯ ಪಾತರಗಿತ್ತಿಯ ತೊಟ್ಟಿಲು. ಸಾಧನಕೇರಿಯಲ್ಲಿ ಬಾಳಿದ ವರಕವಿ ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ 'ಪಾತರಗಿತ್ತಿ ಪಕ್ಕ' ಎಂಬ ಕವಿತೆ ಬರೆದರು. ಒಂದು ಚಿಟ್ಟೆಯ ರೆಕ್ಕೆಯನ್ನು ನೋಡಲು ಅಕ್ಕನನ್ನು ಕರೆಯುವ ಮಗುವಿನ ಕುತೂಹಲ ಆ ಕವಿತೆಯ ಜೀವ. ಅದನ್ನು ಹಾಡಿ ಬೆಳೆದ ಊರಿನ ಮಕ್ಕಳು ಕ್ಯಾಮೆರಾ ಹಿಡಿದು ಅದೇ ರೆಕ್ಕೆಯ ಬೆನ್ನು ಹತ್ತಿದರೆ ಅಚ್ಚರಿಯೇನು?

ಸಣ್ಣದನ್ನು ದೊಡ್ಡದು ಮಾಡಿ ನೋಡುವ ಈ ವಿದ್ಯೆಯ ಮೂಲಪುರುಷರಲ್ಲೊಬ್ಬರು ಬಟ್ಟೆ ವ್ಯಾಪಾರಿ ಎಂಬ ಸಂಗತಿ ಹುಬ್ಬಳ್ಳಿಯವರಿಗೆ ಪ್ರಿಯವಾಗಬಹುದು. ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನ ಆಂಟನಿ ವಾನ್ ಲೀವೆನ್‌ಹುಕ್ (೧೬೩೨-೧೭೨೩) ಅರಿವೆಯ ಅಂಗಡಿ ಇಟ್ಟವರು. ಅರಿವೆಯ ಎಳೆ ಎಣಿಸಲು ವ್ಯಾಪಾರಿಗಳು ಬಳಸುತ್ತಿದ್ದ ಮಸೂರ ಅವರಿಗೆ ಪರಿಚಿತ. ತಾವೇ ಗಾಜಿನ ಸಣ್ಣ ಮಸೂರಗಳನ್ನು ತಯಾರಿಸಿ, ಲೋಹದ ಪುಟ್ಟ ಹಲಗೆಯಲ್ಲಿ ಕೂಡಿಸಿ, ಕೆರೆಯ ನೀರು, ಹಲ್ಲಿನ ಕಿಟ್ಟ, ನೊಣದ ಕಣ್ಣು ಎಲ್ಲವನ್ನೂ ನೋಡಿದರು. ಉಳಿದಿರುವ ಅವರ ಮಸೂರಗಳಲ್ಲಿ ಉತ್ತಮವಾದುದು ವಸ್ತುವನ್ನು ಸುಮಾರು ೨೭೦ ಪಟ್ಟು ಹಿಗ್ಗಿಸುತ್ತದೆ. ಅವರಿಗೆ ಪಂಡಿತರ ಭಾಷೆಯಾದ ಲ್ಯಾಟಿನ್ ಬಾರದು. ೧೬೭೩ರಿಂದ ಜೀವಿತದ ಕೊನೆಯವರೆಗೆ ಲಂಡನ್ನಿನ ರಾಯಲ್ ಸೊಸೈಟಿಗೆ ತಮ್ಮ ಮಾತೃಭಾಷೆಯಲ್ಲಿಯೇ ಪತ್ರ ಬರೆದರು. ೧೬೮೦ರಲ್ಲಿ ಆ ವಿದ್ವತ್ಸಭೆ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಅವರ ಯಂತ್ರದ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಮಸೂರ ಅಲ್ಲಾಡದು, ಮೊಳೆಯ ತುದಿಗಿಟ್ಟ ವಸ್ತುವನ್ನು ತಿರುಪಿನಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸ್ಪಷ್ಟ ಬಿಂಬವನ್ನು ಪಡೆಯಬೇಕು. ಹಿಂದೆ ಮುಂದೆ ಸರಿಯುವ ಈ ಯುಕ್ತಿಯೇ ಇಂದಿನ ಸಮೀಪ ಛಾಯಾಗ್ರಹಣಕ್ಕೂ ಆಧಾರ.

ಇದೇಕೆ ಇಷ್ಟು ಕಷ್ಟ ಎಂಬುದನ್ನು ನಮ್ಮ ಅನುಭವದಿಂದಲೇ ವಿವರಿಸುತ್ತೇವೆ. ಮಠದಲ್ಲಿ ಅಧ್ಯಯನ ಮಾಡುತ್ತಿದ್ದ ಕಾಲದಿಂದಲೂ ಓಲೆಗರಿಗಳನ್ನು ಓದುವುದು ನಮ್ಮ ಕಾಯಕ. ಕಂಟದಿಂದ ಕೊರೆದ ಅಕ್ಷರಗಳಿಗೆ ಮಸಿ ಸವರಿದ್ದರೂ ಹಳೆಯ ಗರಿಯಲ್ಲಿ ಅದು ಮಾಸಿರುತ್ತದೆ. ಭೂತಗನ್ನಡಿಯನ್ನು ಹಿಡಿದರೆ ಅಕ್ಷರ ದೊಡ್ಡದಾಗಿ ಎದ್ದುಬರುತ್ತದೆ. ಆದರೆ ಗರಿ ಒಂದಿಷ್ಟು ಬಾಗಿದ್ದರೆ ನಡುವಿನ ಸಾಲು ಸ್ಪಷ್ಟ, ಅಂಚಿನ ಸಾಲು ಮಸುಕು. ಅಂಚನ್ನು ಹಿಡಿದರೆ ನಡುವಣದು ಜಾರಿಹೋಗುತ್ತದೆ. ಎಷ್ಟು ಹೆಚ್ಚು ಹಿಗ್ಗಿಸುವ ಗಾಜೋ ಅಷ್ಟು ಕಡಿಮೆ ಅದರ ಸ್ಪಷ್ಟತೆಯ ಆಳ. ಕ್ಯಾಮೆರಾದ ಕಣ್ಣಿಗೂ ಇದೇ ನಿಯಮ. ದೂರದ ಬೆಟ್ಟದ ಚಿತ್ರದಲ್ಲಿ ಹತ್ತಿರದ ಮರದಿಂದ ಹಿಡಿದು ಬಾನಂಚಿನವರೆಗೆ ಎಲ್ಲವೂ ಸ್ಪಷ್ಟ. ಇರುವೆಯ ಚಿತ್ರದಲ್ಲಿ ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು.

ಲೆಕ್ಕವನ್ನು ಸ್ವಲ್ಪ ನೋಡೋಣ. ಒಂದು ಸೆಂಟಿಮೀಟರಿನ ಹುಳುವಿನ ಬಿಂಬ ಕ್ಯಾಮೆರಾದ ಒಳಗಿನ ಫಿಲ್ಮು ಅಥವಾ ಸಂವೇದಕದ ಮೇಲೆ ಒಂದು ಸೆಂಟಿಮೀಟರಿನಷ್ಟೇ ಬಿದ್ದರೆ ಅದನ್ನು ನಿಜಗಾತ್ರದ ಚಿತ್ರವೆನ್ನುತ್ತಾರೆ. ೩೫ ಮಿಲಿಮೀಟರ್ ಕ್ಯಾಮೆರಾದಲ್ಲಿ ಹೀಗೆ ನಿಜಗಾತ್ರದ ಚಿತ್ರ ತೆಗೆಯುವಾಗ ಮಸೂರದ ರಂಧ್ರವನ್ನು ಎಫ್ ೮ರಲ್ಲಿ ಇಟ್ಟರೆ ಸ್ಪಷ್ಟತೆಯ ಆಳ ಸುಮಾರು ಒಂದು ಮಿಲಿಮೀಟರು. ಎಫ್ ೧೬ಕ್ಕೆ ಕಿರಿದುಗೊಳಿಸಿದರೆ ಸುಮಾರು ಎರಡು ಮಿಲಿಮೀಟರು. ಜೇನುಹುಳುವಿನ ಎದೆಭಾಗದ ಅಗಲವೇ ಇದಕ್ಕಿಂತ ಹೆಚ್ಚು. ನಿಂತ ಮನುಷ್ಯನ ಉಸಿರಾಟದಿಂದಲೇ ಅವನ ಕೈ ಇದಕ್ಕಿಂತ ಹೆಚ್ಚು ತೂಗಾಡುತ್ತದೆ. ಹಾಗಾದರೆ ರಂಧ್ರವನ್ನು ಇನ್ನೂ ಕಿರಿದುಗೊಳಿಸಬಾರದೇಕೆ? ಕಿರಿದಾದಷ್ಟೂ ಬೆಳಕು ಕಡಿಮೆ. ಅದಲ್ಲದೆ ಅತಿ ಕಿರಿದಾದ ರಂಧ್ರದಲ್ಲಿ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡಿಕೊಂಡು ಇಡೀ ಚಿತ್ರವನ್ನೇ ಮಂದ ಮಾಡುತ್ತವೆ. ಜೊತೆಗೆ, ನಿಜಗಾತ್ರದ ಚಿತ್ರಕ್ಕೆ ಮಸೂರ ಮುಂದಕ್ಕೆ ಚಾಚಿಕೊಳ್ಳುವುದರಿಂದ ಒಳಗೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿದಿರುತ್ತದೆ. ಒಂದನ್ನು ಪಡೆಯಲು ಹೋದರೆ ಮತ್ತೊಂದನ್ನು ಬಿಡಬೇಕು. ಈ ಪ್ರಕೃತಿನಿಯಮವನ್ನು ಎಷ್ಟು ಹಣ ಸುರಿದರೂ ಕೊಂಡುಕೊಳ್ಳಲಾಗದು.

ಇಲ್ಲಿ ಹಣದ ಮಾತು ಬಂತು. ತಂದೆಯವರ ಚಿಂತೆಗೆ ಸಮಾಧಾನ ಇಲ್ಲಿದೆ. ೧೯೫೫ರಲ್ಲಿ ಕಿಲ್ಫಿಟ್ ಕಂಪನಿಯ ಮ್ಯಾಕ್ರೊ-ಕಿಲಾರ್ ಎಂಬ ಮಸೂರ ಪೇಟೆಗೆ ಬಂದಂದಿನಿಂದ ಈ ಕೆಲಸಕ್ಕೆಂದೇ ತಯಾರಾದ ಮಸೂರಗಳು ದೊರೆಯುತ್ತಿವೆ. ಅವು ಉತ್ತಮ, ಆದರೆ ದುಬಾರಿ. ಆರಂಭದ ಅಭ್ಯಾಸಿಗೆ ಅವು ಬೇಕಿಲ್ಲ. ಮಸೂರದ ಮುಂದೆ ಕನ್ನಡಕದಂತೆ ತಿರುಚಿ ಹಾಕುವ ಕ್ಲೋಸ್-ಅಪ್ ಗಾಜುಗಳಿವೆ. +೪ ಶಕ್ತಿಯ ಗಾಜು ಹಾಕಿದರೆ ೨೫ ಸೆಂಟಿಮೀಟರು ದೂರದ ವಸ್ತು ಸ್ಪಷ್ಟವಾಗುತ್ತದೆ. ಕ್ಯಾಮೆರಾಕ್ಕೂ ಮಸೂರಕ್ಕೂ ನಡುವೆ ಕೂಡಿಸುವ ಪೊಳ್ಳು ಬಳೆಗಳಿವೆ. ೫೦ ಮಿಲಿಮೀಟರಿನ ಸಾಧಾರಣ ಮಸೂರಕ್ಕೆ ೨೫ ಮಿಲಿಮೀಟರಿನ ಬಳೆ ಹಾಕಿದರೆ ನಿಜಗಾತ್ರದ ಅರ್ಧ, ೫೦ ಮಿಲಿಮೀಟರಿನ ಬಳೆ ಹಾಕಿದರೆ ಪೂರ್ಣ ನಿಜಗಾತ್ರದ ಬಿಂಬ ದೊರೆಯುತ್ತದೆ. ಬಳೆಯಲ್ಲಿ ಗಾಜಿಲ್ಲವಾದ್ದರಿಂದ ಅದರ ಬೆಲೆಯೂ ಕಡಿಮೆ. ಹಳೆಯ ಮಸೂರವೊಂದನ್ನು ಹಿಂದು-ಮುಂದಾಗಿ ತಿರುಗಿಸಿ ಕೂಡಿಸುವ ಉಪಾಯವೂ ಇದೆ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರಗಳು ಕೆಲವು ನೂರು ರೂಪಾಯಿಗೇ ಸಿಗುತ್ತವೆ. ಇಷ್ಟರಲ್ಲಿ ಒಂದು ವರ್ಷ ದುಡಿದು ತೋರಿಸಿದ ಮಗುವಿಗೆ ದೊಡ್ಡ ಮಸೂರವನ್ನು ಕೊಡಿಸಬಹುದು. ತೋರಿಸದವನಿಗೆ ದೊಡ್ಡದನ್ನು ಕೊಟ್ಟರೂ ಅದು ಕಪಾಟಿನಲ್ಲಿ ಕೂರುತ್ತದೆ.

ಯಂತ್ರಕ್ಕಿಂತ ಕ್ರಮ ಮುಖ್ಯ. ಬಲ್ಲವರು ಅನುಸರಿಸುವ ಕ್ರಮ ಹೀಗಿದೆ. ಚಿತ್ರದ ಗಾತ್ರವನ್ನು ಮೊದಲೇ ನಿಶ್ಚಯಿಸಿಕೊಂಡು ಮಸೂರದ ಫೋಕಸ್ ಬಳೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಬಳೆಯನ್ನು ತಿರುಗಿಸದೆ, ಮೊಣಕೈಗಳನ್ನು ನೆಲಕ್ಕೋ ಮೊಣಕಾಲಿಗೋ ಊರಿ, ಇಡೀ ದೇಹವನ್ನು ಎಳ್ಳಷ್ಟೆಳ್ಳಷ್ಟೇ ಮುಂದೆ ಸರಿಸುತ್ತಾ ಹೋಗಬೇಕು. ಜೀವಿಯ ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಯಾವುದು ಮಸುಕಾದರೂ ನಡೆದೀತು, ಕಣ್ಣು ಮಸುಕಾದರೆ ಚಿತ್ರ ಸತ್ತಂತೆ. ಪಾತರಗಿತ್ತಿ ರೆಕ್ಕೆ ಮಡಿಸಿ ಕುಳಿತಿದ್ದರೆ ಅದು ಒಂದು ತೆಳು ಹಾಳೆಯಿದ್ದಂತೆ. ಕ್ಯಾಮೆರಾದ ಬೆನ್ನನ್ನು ಆ ಹಾಳೆಗೆ ಸಮಾನಾಂತರವಾಗಿ ಹಿಡಿದರೆ ಎರಡೇ ಮಿಲಿಮೀಟರಿನ ಆಳದಲ್ಲಿಯೂ ಇಡೀ ರೆಕ್ಕೆ ಸ್ಪಷ್ಟವಾಗಿ ಮೂಡುತ್ತದೆ. ಬಾಗಿದ ಓಲೆಗರಿಯನ್ನು ಹಲಗೆಯ ಮೇಲೆ ಸಮವಾಗಿ ಒತ್ತಿಹಿಡಿದು ಓದಿದಂತೆಯೇ ಇದು. ಬೆಳಕು ಸಾಲದಿದ್ದರೆ ಫ್ಲಾಶ್ ಬಳಸಬೇಕು. ಅದರ ಮಿಂಚು ಸೆಕೆಂಡಿನ ಅತಿ ಅಲ್ಪ ಭಾಗ ಮಾತ್ರ ಇರುವುದರಿಂದ ಕೈಯ ನಡುಕವೂ ಹುಳುವಿನ ಅಲುಗಾಟವೂ ಚಿತ್ರದಲ್ಲಿ ಕಾಣವು. ಅದರ ಮುಂದೆ ತೆಳುವಾದ ಬಿಳಿಯ ಕಾಗದವನ್ನೋ ಅರಿವೆಯನ್ನೋ ಹಿಡಿದರೆ ಬೆಳಕು ಮೃದುವಾಗುತ್ತದೆ.

ವೇಳೆಯೂ ಮುಖ್ಯ. ಕೀಟಗಳ ಮೈಯ ಕಾವು ಸುತ್ತಲಿನ ಗಾಳಿಯನ್ನು ಅವಲಂಬಿಸಿದೆ. ಸೂರ್ಯೋದಯದ ಮುನ್ನ ಅವು ಚಳಿಗೆ ಜಡವಾಗಿ, ಇಬ್ಬನಿ ಹೊತ್ತು, ಹುಲ್ಲಿನ ತುದಿಯಲ್ಲಿ ನಿದ್ರಿಸುತ್ತಿರುತ್ತವೆ. ಆಗ ಚಿತ್ರ ತೆಗೆಯುವುದು ಸುಲಭ. ಬಿಸಿಲೇರಿದ ಮೇಲೆ ಬೆನ್ನಟ್ಟುವುದು ವ್ಯರ್ಥ. ನಮ್ಮ ಕಡೆ ಮಳೆಗಾಲದಲ್ಲಿ ಪಡುವಣ ಗಾಳಿ ಜೋರು. ಆದ್ದರಿಂದ ಮಳೆ ಹಿಂದೆಗೆದ ಮೇಲಿನ ಅಕ್ಟೋಬರ್-ನವೆಂಬರ್ ತಿಂಗಳುಗಳ ಮುಂಜಾವು ಪ್ರಶಸ್ತ. ಕೆರೆದಂಡೆಯಲ್ಲಿ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟವುಂಟಷ್ಟೆ. ಅದರಲ್ಲಿ ಹಲವು ಜಾತಿಗಳು ಹಾರಿಹೋದರೂ ಮತ್ತೆ ಅದೇ ಕಡ್ಡಿಯ ತುದಿಗೆ ಬಂದು ಕೂರುತ್ತವೆ. ಬೆನ್ನಟ್ಟುವವನಿಗೆ ಅದು ಸಿಗದು; ಕಡ್ಡಿಯ ಬಳಿ ಸುಮ್ಮನೆ ಕುಳಿತವನಿಗೆ ತಾನಾಗಿ ಬಂದು ಮೈಯೊಡ್ಡುತ್ತದೆ. ಹಾಗೆ ಬಂದಾಗ ಅದರ ಮುಖದ ಬಹುಭಾಗವನ್ನು ಆವರಿಸಿದ ಕಣ್ಣುಗಳನ್ನು ನೋಡಬೇಕು. ಒಂದೊಂದು ಕಣ್ಣಿನಲ್ಲಿಯೂ ಸಾವಿರಾರು ಸಣ್ಣ ಮಸೂರಗಳು, ಕೆಲವು ಜಾತಿಗಳಲ್ಲಿ ೨೮ ಸಾವಿರದವರೆಗೆ. ಒಂದೇ ಮಸೂರ ಹಿಡಿದ ಮನುಷ್ಯ ಸಾವಿರಾರು ಮಸೂರಗಳ ಜೀವಿಯೊಂದನ್ನು ನೋಡುವ ಆ ಕ್ಷಣದಲ್ಲಿ ಗರ್ವಕ್ಕೆ ಎಡೆಯೆಲ್ಲಿ?

ಕಾಯುವ ಈ ಗುಣಕ್ಕೆ ಕನ್ನಡನಾಡಿನಲ್ಲಿ ಹಿರಿಯ ಪರಂಪರೆಯಿದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು (೧೯೩೧-೨೦೧೧) ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದವರು. ಕಪ್ಪು-ಬಿಳುಪಿನಲ್ಲಿ ಅವರು ತೆಗೆದ ಕಾಡುಪ್ರಾಣಿಗಳ ಚಿತ್ರಗಳು ಲೋಕಪ್ರಸಿದ್ಧ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨-೨೦೧೭) ಒಂದು ತಲೆಮಾರಿನ ಛಾಯಾಗ್ರಾಹಕರಿಗೆ ಗುರುಸ್ಥಾನದಲ್ಲಿದ್ದರು. ಇವರು ದೊಡ್ಡ ಮೃಗಗಳಿಗೂ ಹಕ್ಕಿಗಳಿಗೂ ಹೆಸರಾದವರು. ಸಣ್ಣ ಜೀವಿಯ ಕಡೆಗೆ ಕನ್ನಡಿಗರ ಕಣ್ಣನ್ನು ತಿರುಗಿಸಿದ ಹಿರಿಮೆ ಪೂರ್ಣಚಂದ್ರ ತೇಜಸ್ವಿಯವರದು (೧೯೩೮-೨೦೦೭). ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳನ್ನು ವರ್ಷಗಟ್ಟಲೆ ಕಾದು ತೆಗೆದವರು ಅವರು. ೧೯೮೦ರಲ್ಲಿ ಪ್ರಕಟವಾದ ಅವರ 'ಕರ್ವಾಲೊ' ಕಾದಂಬರಿಯನ್ನು ನಮ್ಮ ವಾಚಕರಲ್ಲಿ ಬಹಳ ಮಂದಿ ಓದಿರಬಹುದು. ಕೀಟಗಳನ್ನು ಬಲ್ಲ ವಿಜ್ಞಾನಿ, ಜೇನಿನ ಮಂದಣ್ಣ, ಕ್ಯಾಮೆರಾ ಹಿಡಿದ ಪ್ರಭಾಕರ ಇವರೆಲ್ಲ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡು ಹೊಗುತ್ತಾರೆ. ಊರಿಗೆ ಕೆಲಸಕ್ಕೆ ಬಾರದವನೆನಿಸಿದ ಮಂದಣ್ಣನಲ್ಲಿ ವಿಜ್ಞಾನಿ ಒಬ್ಬ ಸಹಜ ಪ್ರಕೃತಿತಜ್ಞನನ್ನು ಗುರುತಿಸುತ್ತಾನೆ. ಕೊನೆಗೆ ಆ ಓತಿ ಎಲ್ಲರ ಕೈಗೂ ಎಟುಕದ ಕಣಿವೆಗೆ ತೇಲಿಹೋಗುತ್ತದೆ. ಕಂಡವರಿಗೆ ಕಂಡದ್ದೇ ಲಾಭ. ಮಗನನ್ನು ಕೆಲಸಕ್ಕೆ ಬಾರದವನೆಂದು ಬಯ್ಯುವ ಮುನ್ನ ತಂದೆತಾಯಿಗಳು ಈ ಕಾದಂಬರಿಯನ್ನೊಮ್ಮೆ ಓದುವುದು ಒಳ್ಳೆಯದು.

ಈಗ ಫ್ರಿಜ್ಜಿನ ಮಾತಿಗೆ ಬರೋಣ. ಈ ಲೇಖನದ ತಿರುಳೂ ಅದೇ. ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ವಿಧಾನ ಬಳಕೆಗೆ ಬಂದಿದೆ. ಒಂದೇ ಹುಳುವಿನ ಹತ್ತಾರು ಚಿತ್ರಗಳನ್ನು, ಪ್ರತಿಸಲವೂ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ, ತೆಗೆಯುತ್ತಾರೆ. ಕಂಪ್ಯೂಟರು ಪ್ರತಿಯೊಂದು ಚಿತ್ರದ ಸ್ಪಷ್ಟ ಭಾಗವನ್ನು ಮಾತ್ರ ಆಯ್ದು ಒಂದರ ಮೇಲೊಂದು ಹೊಂದಿಸಿ, ಮೀಸೆಯಿಂದ ಬಾಲದವರೆಗೂ ಸ್ಪಷ್ಟವಾದ ಒಂದೇ ಚಿತ್ರವನ್ನು ಕೊಡುತ್ತದೆ. ವಿಜ್ಞಾನಕ್ಕೆ ಇದರಿಂದ ಮಹದುಪಕಾರವಾಗಿದೆ. ಆದರೆ ಈ ವಿಧಾನಕ್ಕೆ ಒಂದು ನಿಬಂಧನೆಯಿದೆ: ಜೀವಿ ಅಲುಗಾಡಬಾರದು. ಅಲುಗಾಡದ ಜೀವಿಯ ಆಸೆಯಿಂದಲೇ ಅನರ್ಥ ಆರಂಭವಾಗುತ್ತದೆ. ಕೆಲವರು ಹುಳುವನ್ನು ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುತ್ತಾರೆ. ಕೆಲವರು ಕಾಲಿಗೆ ಅಂಟು ಹಚ್ಚುತ್ತಾರೆ. ಕೆಲವರು ಕೊಂದು, ಬದುಕಿದ್ದಂತೆ ಕೂರಿಸಿ, ಪ್ರದರ್ಶನಕ್ಕೆ ಕಳಿಸುತ್ತಾರೆ. ಹಕ್ಕಿಯ ಗೂಡಿನ ಮರೆಯ ಎಲೆಗಳನ್ನು ಕಿತ್ತು ಚಿತ್ರ ತೆಗೆದರೆ ಆ ಗೂಡು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತದೆ.

ನಾವು ಆ ಹುಡುಗನಿಗೆ ಹೇಳಿದ್ದು ಇಷ್ಟು. ನೀನು ತೆಗೆಯಹೊರಟಿರುವುದು ಒಂದು ಜೀವದ ಚಿತ್ರ. ಜೀವವೆಂದರೆ ಅಲುಗಾಡುವುದು. ಅಲುಗಾಟವನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಆಕಾರ ಮಾತ್ರ. ಫೋಕಸು ಸಿಗಲೆಂದು ಅದನ್ನು ಮರಗಟ್ಟಿಸಿದರೆ ನಿನಗೆ ಸಿಕ್ಕಿದ್ದು ನಿನ್ನ ಅವಸರದ ಚಿತ್ರ. ಅದೇ ಹುಳು ಮುಂಜಾವಿನಲ್ಲಿ ತಾನಾಗಿ ನಿಶ್ಚಲವಾಗಿರುತ್ತದೆ. ನೀನು ಐದು ಗಂಟೆಗೆ ಏಳಬೇಕು, ಅಷ್ಟೇ. ತೊಂದರೆ ಯಾರಿಗೆ ಬರಬೇಕು, ನಿನ್ನ ನಿದ್ರೆಗೋ ಅದರ ಪ್ರಾಣಕ್ಕೋ ಎಂಬುದನ್ನು ನೀನೇ ತೀರ್ಮಾನಿಸು. ಹುಡುಗ ಉತ್ತರ ಕೊಡಲಿಲ್ಲ. ಆದರೆ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟ. ನಮ್ಮ ಪರಂಪರೆಯಲ್ಲಿ ದಯೆ ಎಂಬ ಮಾತಿಗೆ ಎಂಥ ಸ್ಥಾನವಿದೆಯೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಆ ದಯೆಗೆ ಗಾತ್ರದ ಭೇದವಿಲ್ಲ ಎಂಬುದನ್ನಷ್ಟೇ ನೆನಪಿಸುತ್ತೇವೆ. ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಹುಲಿ-ಆನೆಗಳ ಜೊತೆಗೆ ಕೆಲವು ಪಾತರಗಿತ್ತಿಗಳೂ ಸೇರಿವೆ. ಅವನ್ನು ಹಿಡಿಯುವುದು ಅಪರಾಧ.

ಇದರಿಂದ ಪ್ರಯೋಜನವೇನು ಎಂದು ಲೋಕವ್ಯವಹಾರದಲ್ಲಿ ಪಳಗಿದವರು ಕೇಳಿಯೇ ಕೇಳುತ್ತಾರೆ. ಅವರಿಗಾಗಿ ಒಂದು ನಿದರ್ಶನ. ೨೦೧೧ರಲ್ಲಿ ಮಲೇಶಿಯಾ ದೇಶದ ಹವ್ಯಾಸಿ ಛಾಯಾಗ್ರಾಹಕ ಗ್ವೆಕ್ ಹಾಕ್ ಪಿಂಗ್ ಎಂಬುವರು ಕಾಡಿನಲ್ಲಿ ಹಸಿರು ಮೈಯ, ಜಾಲರಿಯಂಥ ರೆಕ್ಕೆಯ ಕೀಟವೊಂದರ ಚಿತ್ರ ತೆಗೆದು ಅಂತರಜಾಲದಲ್ಲಿ ಹಾಕಿದರು. ಅದು ಹಾರಿಹೋಯಿತು, ಅವರು ಅದನ್ನು ಹಿಡಿಯಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ಶಾನ್ ವಿಂಟರ್ಟನ್ ಆ ಚಿತ್ರವನ್ನು ಅಕಸ್ಮಾತ್ತಾಗಿ ನೋಡಿ, ರೆಕ್ಕೆಯ ಮೇಲಿನ ಕಪ್ಪು ಗುರುತುಗಳು ತಾವು ಬಲ್ಲ ಯಾವ ಜಾತಿಯವೂ ಅಲ್ಲವೆಂದು ಗುರುತಿಸಿದರು. ಮುಂದೆ ಅದೇ ಜಾಗದಲ್ಲಿ ಮಾದರಿ ದೊರೆತು, ೨೦೧೨ರಲ್ಲಿ ಅದು ಹೊಸ ಜಾತಿಯೆಂದು ಪ್ರಕಟವಾಯಿತು. ವಿಂಟರ್ಟನ್ನರು ತಮ್ಮ ಮಗಳ ಹೆಸರನ್ನೇ ಕೀಟಕ್ಕಿಟ್ಟು ಸೆಮಾಕ್ರೈಸಾ ಜೇಡ್ ಎಂದು ಕರೆದರು. ಆ ಚಿತ್ರ ಮಸುಕಾಗಿದ್ದರೆ ರೆಕ್ಕೆಯ ಗುರುತು ಕಾಣುತ್ತಿರಲಿಲ್ಲ. ನಮ್ಮ ದೇಶದಲ್ಲಿಯೂ ೨೦೦೮ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣವಿದೆ. ತೆಗೆದ ಚಿತ್ರಕ್ಕೆ ದಿನಾಂಕ, ಸ್ಥಳ ಬರೆದು ಅಲ್ಲಿ ಸೇರಿಸಿದರೆ ಬಲ್ಲವರು ಹೆಸರನ್ನು ತಿಳಿಸುತ್ತಾರೆ. ಯಾವ ಜೀವಿ ಎಲ್ಲಿ, ಯಾವ ತಿಂಗಳಲ್ಲಿ ಇತ್ತೆಂಬ ದಾಖಲೆ ಉಳಿಯುತ್ತದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿ ಬರೆದಿಟ್ಟಿದ್ದರೆ ಸಂಶೋಧಕನಿಗೆ ಎಷ್ಟು ಸಂತೋಷ! ದಿನಾಂಕವಿಲ್ಲದ ಚಿತ್ರ ಚೆಂದದ ಚಿತ್ರ ಮಾತ್ರ. ದಿನಾಂಕ ಬರೆದ ಚಿತ್ರ ಸಾಕ್ಷ್ಯ. ಬಡಾವಣೆಗಳು ಹಬ್ಬುತ್ತಿರುವ ಊರಿನಲ್ಲಿ ಹತ್ತು ವರ್ಷಗಳ ಆಮೇಲೆ ಈ ಸಾಕ್ಷ್ಯವೇ ಉಳಿಯುವ ಸಂಭವವೂ ಇದೆ.

ತಂದೆತಾಯಿಗಳಿಗೆ ನಮ್ಮ ಸಲಹೆ ಸಂಕ್ಷಿಪ್ತವಾಗಿ ಹೀಗಿದೆ. ಈ ಹವ್ಯಾಸವನ್ನು ತಡೆಯಬೇಡಿರಿ, ಆದರೆ ಹದ್ದುಬಸ್ತಿನಲ್ಲಿಡಿರಿ. ಮುಂಜಾನೆಯ ಒಂದು ತಾಸು ಅದಕ್ಕೆ ಸಲ್ಲಲಿ. ಅದು ನಡಿಗೆಯೂ ಆಯಿತು, ಬೇಗ ಏಳುವ ಅಭ್ಯಾಸವೂ ಆಯಿತು. ಪರೀಕ್ಷೆಯ ತಿಂಗಳುಗಳಲ್ಲಿ ರವಿವಾರ ಮಾತ್ರ ಸಾಕು. ಪ್ರತಿಯೊಂದು ಒಳ್ಳೆಯ ಚಿತ್ರಕ್ಕೂ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಸ್ಥಳ, ಗಿಡದ ಹೆಸರು ಬರೆಯಲು ಹೇಳಿರಿ. ಆ ಗಿಡಗಳ ಕನ್ನಡ ಹೆಸರುಗಳನ್ನು ಅಜ್ಜ-ಅಜ್ಜಿಯರಲ್ಲಿ ಕೇಳಲು ಕಳಿಸಿರಿ. ಅವರಿಗಿಂತ ಉತ್ತಮ ನಿಘಂಟು ಯಾವ ಗ್ರಂಥಾಲಯದಲ್ಲಿಯೂ ಇಲ್ಲ, ಆ ನಿಘಂಟು ಬಹುಕಾಲ ತೆರೆದಿರುವುದೂ ಇಲ್ಲ. ಜೀವಿಗೆ ನೋವು ಮಾಡಿ ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮನೆಯಲ್ಲಿ ಅದನ್ನು ಹೊಗಳಬೇಡಿರಿ. ಹೆಣ್ಣುಮಕ್ಕಳಿಗೂ ಕ್ಯಾಮೆರಾವನ್ನು ಕೊಡಿರಿ. ಮನೆಯಂಗಳದ ಗಿಡಗಳನ್ನು ದಿನವೂ ನೋಡುವವರು ಅವರೇ. ಲಿಂಬೆಗಿಡಕ್ಕೆ ಔಷಧ ಸಿಂಪಡಿಸುವ ಮುನ್ನ ಎಲೆಗಳ ಮೇಲೆ ಏನಿದೆಯೆಂದು ಒಮ್ಮೆ ಮಕ್ಕಳನ್ನು ಕೇಳಿರಿ.

ಸಣ್ಣದರ ಮೇಲೆ ಕಣ್ಣು ನಿಲ್ಲಿಸುವ ಅಭ್ಯಾಸ ಒಂದು ಸಲ ಬಂದರೆ ಅದು ಹುಳುವಿನಲ್ಲಿಯೇ ನಿಲ್ಲುವುದಿಲ್ಲ. ಗಣಿತದ ಒಂದು ಚಿಹ್ನೆಯನ್ನು, ಮನೆಗೆಲಸದವರ ಮುಖದ ದಣಿವನ್ನು, ತಾಯಿಯ ದನಿಯಲ್ಲಿನ ಬೇಸರವನ್ನು ಗಮನಿಸುವುದಕ್ಕೂ ಅದೇ ಕಣ್ಣು ಬೇಕು. ಬರುವ ಮಿರಗದ ಮಳೆಗೆ ನಿಮ್ಮ ಮಕ್ಕಳನ್ನು ಕೊಡೆ ಹಿಡಿದು ಹೊಲದ ಬದುವಿಗೆ ಕರೆದೊಯ್ಯಿರಿ. ಕೆಂಪು ಹುಳುವನ್ನು ಪೆಟ್ಟಿಗೆಗೆ ಹಾಕುವುದು ಬೇಡ. ಅದರ ಎಂಟು ಕಾಲುಗಳನ್ನು ಎಣಿಸಿದ ಮೇಲೆ, ಅದು ತನ್ನ ದಾರಿ ಹಿಡಿದು ಹೋಗುವವರೆಗೆ ನೀವೂ ಅವರ ಪಕ್ಕದಲ್ಲಿ ಕುಳಿತಿರಿ.